ಮುಪ್ಪು, ವೈರಾಗ್ಯ ಮತ್ತು ವೈಯಾವೃತ್ತ್ಯ



ಜಿನಬಿಂಬ ಪ್ರತಿಷ್ಠೆಯ ಈ ಪುಣ್ಯಾವಸರದಲ್ಲಿ, ಬಸದಿಯ ಮೆಟ್ಟಿಲೇರಲಾರದೆ ಮನೆಯಲ್ಲಿಯೇ ಉಳಿದ ವೃದ್ಧ ಶ್ರಾವಕ ಶ್ರಾವಕಿಯರ ಚಿಂತನೆಯೂ ಸಮಾಜದ ಕರ್ತವ್ಯವಾಗಿದೆ. ಕಣ್ಣು ಮಂಜಾಗಿ, ಕಾಲು ಸೋತು, ಸಮವಯಸ್ಕರು ಒಬ್ಬೊಬ್ಬರಾಗಿ ಅಗಲಿದಾಗ, "ಇನ್ನು ಸಾಕಾಯಿತು, ಬೇಗ ಕಣ್ಣು ಮುಚ್ಚಿದರೆ ಸಾಕು" ಎಂಬ ಮಾತು ಹಿರಿಯರ ಬಾಯಿಂದ ಬರುತ್ತದೆ. ಅದನ್ನು ವೈರಾಗ್ಯವೆಂದು ಬಗೆದು ಮನೆಯವರು ಸುಮ್ಮನಾಗುವುದುಂಟು.

ಶಾಸ್ತ್ರದ ದೃಷ್ಟಿ ಬೇರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಸಲ್ಲೇಖನದ ಐದು ಅತಿಚಾರಗಳನ್ನು ಎಣಿಸುವಾಗ, ಬದುಕುವ ಆಸೆಯೊಡನೆ ಸಾಯುವ ಆಸೆಯನ್ನೂ ಸೇರಿಸಿದ್ದಾರೆ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಮುಪ್ಪು ಮತ್ತು ರೋಗಗಳನ್ನು ಸಲ್ಲೇಖನಕ್ಕೆ ಕಾರಣವೆಂದು ಹೇಳಿದರೂ, ಅವು ಪ್ರತೀಕಾರವಿಲ್ಲದವಾಗಿರಬೇಕೆಂದು ವಿಧಿಸಿದ್ದಾರೆ. ಬೇಸರದಿಂದ ಮರಣವನ್ನು ಬಯಸುವುದು ವೈರಾಗ್ಯವಲ್ಲ, ಅದು ಆರ್ತಧ್ಯಾನ.

ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರ ಬದುಕು ಈ ಭೇದವನ್ನು ಬೆಳಗಿಸುತ್ತದೆ. ದೃಷ್ಟಿ ಕುಂದಿ, ನಡೆವ ದಾರಿಯ ಜೀವಿಗಳನ್ನು ಕಂಡು ಸಮಿತಿ ಪಾಲಿಸುವುದು ಅಸಾಧ್ಯವಾದಾಗ, ಅವರು ಕುಂಥಲಗಿರಿಯಲ್ಲಿ ಸಲ್ಲೇಖನವನ್ನು ಸ್ವೀಕರಿಸಿ 1955ರ ಸೆಪ್ಟೆಂಬರ್ 18ರಂದು ಸಮಾಧಿಯನ್ನು ಹೊಂದಿದರು. ಅಲ್ಲಿದ್ದುದು ಜೀವದ ಮೇಲಿನ ಜಿಗುಪ್ಸೆಯಲ್ಲ, ಅಹಿಂಸಾವ್ರತದ ಎಚ್ಚರ.

ಎಲ್ಲ ಹಿರಿಯರೂ ಅಂತಹ ವ್ರತಕ್ಕೆ ಅಧಿಕಾರಿಗಳಲ್ಲ. ಆದರೆ ಸಾಮಾಯಿಕ, ಪಂಚನಮಸ್ಕಾರ ಮಂತ್ರದ ಜಪ, ದ್ವಾದಶಾನುಪ್ರೇಕ್ಷೆಗಳ ಚಿಂತನೆ ಹಾಸಿಗೆ ಹಿಡಿದವರಿಗೂ ಸಾಧ್ಯ. ದೇಹ ಶಿಥಿಲವಾದರೂ ಜ್ಞಾನದರ್ಶನಗಳು ಆತ್ಮನ ಸ್ವಭಾವವೆಂಬ ಅರಿವು ಅವರಿಗೆ ದಿನದ ಆಸರೆಯಾಗುತ್ತದೆ.

ಜಪಕ್ಕೆ ಜೊತೆಯೂ ಬೇಕು. ದೊಡ್ಡಬಳ್ಳಾಪುರ ರಸ್ತೆಯ ರಾಜಾನುಕುಂಟೆಯಂತಹ ಊರುಗಳಿಗೂ ನಗರ ಹಬ್ಬಿದೆ. ಮಕ್ಕಳು ಕೆಲಸಕ್ಕೆ ಹೊರಟ ಮೇಲೆ ಹಿರಿಯರ ಪಾಲಿಗೆ ಹಗಲು ದೀರ್ಘವಾಗುತ್ತದೆ. ಆರು ಅಂತರಂಗ ತಪಸ್ಸುಗಳಲ್ಲಿ ವೈಯಾವೃತ್ತ್ಯವೂ ಒಂದು. ಅವರ ಬಳಿ ಕುಳಿತು ಸ್ವಾಧ್ಯಾಯ ಓದಿ ಹೇಳುವುದು, ಅಭಿಷೇಕದ ಗಂಧೋದಕವನ್ನು ಮನೆಗೆ ಒಯ್ಯುವುದು, ಕೈಹಿಡಿದು ಬಸದಿಗೆ ಕರೆತರುವುದು ಗೃಹಸ್ಥನ ವೈಯಾವೃತ್ತ್ಯವೇ ಸರಿ.

ನಿದ್ರೆ, ಆಹಾರ, ಮಾತು ಮೂರೂ ವಾರಗಟ್ಟಲೆ ಕುಗ್ಗಿದರೆ ಅದನ್ನು ಮುಪ್ಪಿನ ಸಹಜಧರ್ಮವೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಬೇಕು. ಖಿನ್ನತೆಗೆ ಚಿಕಿತ್ಸೆಯುಂಟು, ಶಾಸ್ತ್ರದಲ್ಲಿ ಹೇಳಿದ ನಾಲ್ಕು ದಾನಗಳಲ್ಲಿ ಔಷಧದಾನವೂ ಒಂದು.

ಬಿಂಬಪ್ರತಿಷ್ಠೆ ಕೆಲವು ದಿನಗಳಲ್ಲಿ ಪೂರ್ಣಗೊಳ್ಳುತ್ತದೆ. ಹಿರಿಯರ ಸೇವೆ ನಿತ್ಯ ನಡೆಯಬೇಕಾದ ಪೂಜೆ. ಈ ಬಸದಿಯ ಗಂಟೆಯ ನಾದ ಮನೆಯೊಳಗೆ ಮಲಗಿದ ಹಿರಿಯರಿಗೂ ಸಮಾಧಾನವನ್ನು ತರಲಿ.