ಕೆರೆಯ ಮಟ್ಟ: ಏರಿಳಿತಗಳ ಕಾರಣಮೀಮಾಂಸೆ



ನಮ್ಮ ಬಯಲುಸೀಮೆಯಲ್ಲಿ ಕೆರೆ ಕೋಡಿ ಬಿದ್ದ ವರ್ಷವನ್ನು ಸುಭಿಕ್ಷದ ವರ್ಷವೆಂದೂ, ಕೆರೆಯಂಗಳ ಬಿರುಕುಬಿಟ್ಟ ವರ್ಷವನ್ನು ಬರದ ವರ್ಷವೆಂದೂ ಎಣಿಸುವ ರೂಢಿ ಬಹುಕಾಲದಿಂದ ಬಂದಿದೆ. ಈ ಎರಡಕ್ಕೂ ಕಾರಣವೇನೆಂದು ಕೇಳಿದರೆ ಮಳೆಯೆಂಬ ಒಂದೇ ಉತ್ತರ ದೊರೆಯುತ್ತದೆ. ಆ ಉತ್ತರದೊಡನೆ ವಿಚಾರವೂ ಅಲ್ಲಿಗೇ ನಿಂತುಹೋಗುತ್ತದೆ. ಮಳೆ ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮಳೆಯೊಂದೇ ಕಾರಣವೆಂದು ನಂಬಿದುದರಿಂದ, ನೆಲದ ಮೇಲೆ ನಾವೇ ಮಾಡಿದ ಅನೇಕ ಕಾರ್ಯಗಳ ಫಲವನ್ನು ದೈವದ ಮೇಲೆ ಹೊರಿಸಿ ನಿಶ್ಚಿಂತರಾಗಿರುವ ಅಭ್ಯಾಸ ನಮ್ಮಲ್ಲಿ ಬೆಳೆದಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ಆಧಾರವೇನೆಂಬುದನ್ನು ನಿಮ್ಮ ಮುಂದಿಡುವುದೇ ಇಂದಿನ ಉಪನ್ಯಾಸದ ಉದ್ದೇಶ.

ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. ಹಿರಿಯೂರಿನ ಬಳಿ ಗುಡ್ಡಗಳ ನಡುವಣ ಇಕ್ಕಟ್ಟಾದ ಕಣಿವೆಯಲ್ಲಿ ವೇದಾವತೀ ನದಿಗೆ ಅಡ್ಡಲಾಗಿ ಮೈಸೂರು ಸಂಸ್ಥಾನದ ಸರ್ಕಾರ ಕಟ್ಟಿಸಿದ, ಕಾಗದಪತ್ರಗಳಲ್ಲಿ ವಾಣಿವಿಲಾಸ ಸಾಗರವೆಂದೂ ಜನರ ಬಾಯಲ್ಲಿ ಮಾರಿಕಣಿವೆಯೆಂದೂ ಹೆಸರಾದ ಜಲಾಶಯವನ್ನು ನಿಮ್ಮಲ್ಲಿ ಅನೇಕರು ಕಂಡಿರುತ್ತೀರಿ. ಅದರ ನಿರ್ಮಾಣ ಮುಗಿದುದು ೧೯೦೭ರಲ್ಲಿ. ಪೂರ್ಣಮಟ್ಟ ೧೩೦ ಅಡಿ; ತುಂಬಿದಾಗ ಹಿಡಿಯುವ ನೀರು ಸುಮಾರು ೩೦ ಟಿ.ಎಂ.ಸಿ. ಇಷ್ಟು ವಿಶಾಲವಾದ ಸಾಗರವು ಮೊದಲ ಬಾರಿಗೆ ಕೋಡಿ ಹರಿದುದು ೧೯೩೩ರಲ್ಲಿ. ಎರಡನೆಯ ಬಾರಿ ಕೋಡಿ ಹರಿದುದು ೨೦೨೨ರ ಸೆಪ್ಟೆಂಬರಿನಲ್ಲಿ. ನಡುವೆ ಎಂಬತ್ತೊಂಬತ್ತು ವರ್ಷಗಳು ಸಂದವು. ತಂದೆಯಿಂದ ಕೋಡಿಯ ವರ್ಣನೆಯನ್ನು ಕೇಳಿದ ಮಗ, ಅದನ್ನು ಕಣ್ಣಾರೆ ಕಾಣದೆಯೇ ಮುದುಕನಾಗಿ ತನ್ನ ಮೊಮ್ಮಕ್ಕಳಿಗೆ ಹೇಳುವಷ್ಟು ದೀರ್ಘವಾದ ಕಾಲವದು. ಆದರೆ ಮೂರನೆಯ ಕೋಡಿಗಾಗಿ ಇನ್ನೊಂದು ತಲೆಮಾರು ಕಾಯಬೇಕಾಗಲಿಲ್ಲ. ೨೦೨೫ರ ಜನವರಿಯಲ್ಲಿ, ಮಳೆಗಾಲವು ಕಳೆದ ಮೇಲೆ, ಸಾಗರ ಮತ್ತೆ ತುಂಬಿ ಹರಿಯಿತು.

ಎಂಬತ್ತೊಂಬತ್ತು ವರ್ಷಗಳಲ್ಲಿ ಆಗದುದು ಎರಡೂವರೆ ವರ್ಷಗಳೊಳಗೆ ಮರಳಿ ಆದುದು ಹೇಗೆ? ಆಕಾಶವು ಇದ್ದಕ್ಕಿದ್ದಂತೆ ಉದಾರವಾಯಿತೆಂದು ಹೇಳಿದರೆ ಅರ್ಧ ಮಾತ್ರ ನಿಜವಾದೀತು. ೨೦೨೨ರ ಮಳೆ ಅಸಾಮಾನ್ಯವಾಗಿತ್ತೆಂಬುದು ಸತ್ಯ. ಆದರೆ ಅದಕ್ಕೆ ಕೆಲವು ವರ್ಷಗಳ ಹಿಂದಿನಿಂದಲೇ ಭದ್ರಾ ಮೇಲ್ದಂಡೆ ಯೋಜನೆಯ ಮೂಲಕ ಭದ್ರಾ ನದಿಯ ನೀರನ್ನು ಯಂತ್ರಗಳಿಂದ ಮೇಲೆತ್ತಿ ಈ ಸಾಗರಕ್ಕೆ ಹರಿಸಲು ಆರಂಭಿಸಿದ್ದರು. ಮಲೆನಾಡಿನ ಒಡಲಿನಲ್ಲಿ ಬಿದ್ದ ನೀರು, ತನ್ನ ಸಹಜವಾದ ಇಳಿಜಾರನ್ನು ಬಿಟ್ಟು, ಬಯಲಿನ ಜಲಾಶಯದ ಮಟ್ಟವನ್ನು ಮೊದಲೇ ಏರಿಸಿಟ್ಟಿತ್ತು. ಹಾಗೆ ಅರ್ಧ ತುಂಬಿದ್ದ ಸಾಗರಕ್ಕೆ ಒಳ್ಳೆಯ ಮಳೆಗಾಲವೊಂದು ಬಂದು ಸೇರಿದಾಗ ಕೋಡಿ ಬೀಳುವುದು ಆಶ್ಚರ್ಯವಲ್ಲ.

ಕೆರೆಯ ಮಟ್ಟವೆಂಬುದು ಒಂದು ಮನೆಯ ಜಮಾಖರ್ಚಿನ ಕೊನೆಯಲ್ಲಿ ಉಳಿಯುವ ಶಿಲ್ಕು ಇದ್ದಂತೆ. ನೇರವಾಗಿ ಮೈಮೇಲೆ ಬೀಳುವ ಮಳೆ, ಹಳ್ಳಕೊಳ್ಳಗಳಿಂದ ಬರುವ ಹರಿವು, ನೆಲದೊಳಗಿನಿಂದ ಒಸರುವ ಒರತೆ, ಇವು ಜಮೆ. ತೂಬಿನಿಂದ ಅಚ್ಚುಕಟ್ಟಿಗೆ ಬಿಟ್ಟ ನೀರು, ಕೋಡಿಯಲ್ಲಿ ಹೋದ ನೀರು, ತಳದಲ್ಲಿ ಇಂಗಿದ ನೀರು, ಬಿಸಿಲಿಗೆ ಆವಿಯಾದ ನೀರು, ಇವು ಖರ್ಚು. ಈ ಖರ್ಚಿನಲ್ಲಿ ಕಣ್ಣಿಗೆ ಕಾಣದ ಬಾಬತ್ತೇ ಬಹಳ ದೊಡ್ಡದು. ನಮ್ಮ ಒಳನಾಡಿನ ಬಿಸಿಲಿಗೂ ಒಣಗಾಳಿಗೂ ತೆರೆದಿಟ್ಟ ನೀರು ವರ್ಷವೊಂದಕ್ಕೆ ಐದಾರು ಅಡಿಯಷ್ಟು ಆವಿಯಾಗಿ ಹೋಗುತ್ತದೆ. ಎಂಟು ಹತ್ತು ಅಡಿ ಆಳದ ಊರಕೆರೆಯೊಂದರಲ್ಲಿ ಯಾರೂ ಒಂದು ಕೊಡ ನೀರನ್ನು ಮುಟ್ಟದಿದ್ದರೂ ಎರಡು ವರ್ಷಗಳ ಬರ ಅದನ್ನು ಬರಿದುಮಾಡಬಲ್ಲುದು. ಮಾರಿಕಣಿವೆಯಂತಹ ಆಳವಾದ ಜಲಾಶಯವಾದರೋ ಒಂದು ಒಳ್ಳೆಯ ವರ್ಷದ ಸಂಚಯವನ್ನು ಮುಂದಿನ ಕೆಲವು ವರ್ಷಗಳಿಗೆ ಕೊಂಡೊಯ್ಯಬಲ್ಲುದು. ಊರಕೆರೆ ಈ ವರ್ಷದ ಮಳೆಯನ್ನು ಹೇಳುತ್ತದೆ. ಆಳವಾದ ಸಾಗರ ಕಳೆದ ಹಲವು ವರ್ಷಗಳ ಮಳೆಯನ್ನು ಒಟ್ಟುಗೂಡಿಸಿ ಹೇಳುತ್ತದೆ.

ಮಳೆಯ ವಿಷಯದಲ್ಲಿಯೂ ಒಂದು ಸೂಕ್ಷ್ಮವುಂಟು. ಮಳೆ ಕಾಲುಭಾಗ ಕಡಿಮೆಯಾದರೆ ಕೆರೆಗೆ ಬರುವ ನೀರೂ ಕಾಲುಭಾಗವೇ ಕಡಿಮೆಯಾಗುವುದೆಂದು ಭಾವಿಸುವುದು ಸಹಜ; ವಾಸ್ತವದಲ್ಲಿ ಹಾಗಾಗುವುದಿಲ್ಲ. ಬೇಸಗೆಯಲ್ಲಿ ಕಾದು ಒಣಗಿದ ನೆಲ ಮೊದಲ ಮಳೆಗಳನ್ನೆಲ್ಲ ತಾನೇ ಹೀರಿಕೊಂಡು, ತನ್ನ ದಾಹ ತೀರಿದ ಮೇಲೆ ಮಾತ್ರ ಮಿಕ್ಕುದನ್ನು ಹಳ್ಳಕ್ಕೆ ಬಿಡುತ್ತದೆ. ಆದುದರಿಂದ ಮಳೆ ಸ್ವಲ್ಪವೇ ತಗ್ಗಿದರೂ ಹರಿವು ಬಹುವಾಗಿ ತಗ್ಗುತ್ತದೆ. ತಿಂಗಳೆಲ್ಲ ಜಿನುಗಿದ ಸೋನೆ ರಾಗಿಯ ಪೈರಿಗೆ ಅಮೃತಪ್ರಾಯವಾದರೂ ಕೆರೆಗೆ ಒಂದು ಬೊಗಸೆಯನ್ನೂ ಕೊಡದಿರಬಹುದು; ಹಸ್ತ, ಚಿತ್ತೆಗಳಲ್ಲಿ ನೆನೆದ ನೆಲದ ಮೇಲೆ ಎರಡು ರಾತ್ರಿ ಬಿರುಸಾಗಿ ಸುರಿದ ಮಳೆ ಅದೇ ಕೆರೆಯನ್ನು ತುಂಬಿಬಿಡಬಹುದು. ಮಳೆ ಚೆನ್ನಾಗಿಯೇ ಬಂತು, ಆದರೂ ಕೆರೆಗೆ ನೀರು ಬರಲಿಲ್ಲವೆಂದು ರೈತರು ಹೇಳುವ ಮಾತಿನಲ್ಲಿ ವಿರೋಧವೇನೂ ಇಲ್ಲ.

ಇನ್ನು ಆ ಮಳೆ ಬೀಳುವ ಸ್ಥಳದ ವಿಚಾರ. ಹಿರಿಯೂರು ಮಳೆನೆರಳಿನ ಸೀಮೆ. ಮಾರಿಕಣಿವೆಯ ಭಾಗ್ಯ ನಿರ್ಧಾರವಾಗುವುದು ಅಲ್ಲಲ್ಲ. ದೂರದ ಬಾಬಾಬುಡನ್ ಗಿರಿಶ್ರೇಣಿಯಲ್ಲಿ ಹುಟ್ಟಿ, ಕಡೂರಿನ ಬಳಿ ಕೂಡಿ ವೇದಾವತಿಯಾಗುವ ವೇದಾ, ಆವತಿಗಳ ತಪ್ಪಲಿನಲ್ಲಿ. ಆ ವೇದೆಯ ಮೇಲೆ ಸಖರಾಯಪಟ್ಟಣದ ಅಯ್ಯನಕೆರೆಯುಂಟು, ಆವತಿಯ ಮೇಲೆ ಮದಗದ ಕೆರೆಯುಂಟು. ಇವು ತುಂಬಿ ಕೋಡಿ ಬಿದ್ದ ಮೇಲೆ ನೀರು ಮುಂದಿನ ಕೆರೆಗೆ, ಅದು ತುಂಬಿದರೆ ಅದರ ಮುಂದಿನದಕ್ಕೆ. ಮೇಲಿನವರು ಒಂದು ಒಡ್ಡು ಹಾಕಿದರೆ, ಒಂದು ಚೆಕ್‌ಡ್ಯಾಮ್ ಕಟ್ಟಿದರೆ, ಕೆಳಗಿನವರ ಮಟ್ಟ ಅಷ್ಟರಮಟ್ಟಿಗೆ ಇಳಿದೇ ಇಳಿಯುತ್ತದೆ. ಇದು ನಮ್ಮ ಹಿಂದಿನವರಿಗೆ ತಿಳಿಯದ ಸಂಗತಿಯಲ್ಲ. ೧೮೯೨ರಲ್ಲಿ ಮೈಸೂರು ಮತ್ತು ಮದರಾಸು ಸರ್ಕಾರಗಳ ನಡುವೆ ಆದ ಒಪ್ಪಂದ ಗೊತ್ತಾದ ನದಿಗಳ ಮೇಲೆ ಹೊಸ ನೀರಾವರಿ ಕಾಮಗಾರಿಗಳನ್ನು ಕೈಕೊಳ್ಳುವ ಮುನ್ನ ಕೆಳಗಿನವರ ಸಮ್ಮತಿಯನ್ನು ಪಡೆಯಬೇಕೆಂದು ವಿಧಿಸಿತು. ಆ ನದಿಗಳ ಪಟ್ಟಿಯಲ್ಲಿ ವೇದಾವತಿಯೂ ಸೇರಿತ್ತು. ಎರಡು ಸರ್ಕಾರಗಳ ನಡುವೆ ನ್ಯಾಯವೆನಿಸಿದ ಈ ವಿವೇಕವನ್ನು ಒಂದೇ ಹೋಬಳಿಯ ಎರಡು ಊರುಗಳ ನಡುವೆ ನಾವು ಪಾಲಿಸದೆ ಹೋದುದು ಶೋಚನೀಯ.

ಮನುಷ್ಯನ ಕೈವಾಡವಿಲ್ಲದೆಯೂ ಮಹಾಸರೋವರಗಳು ಏರಿಳಿಯುತ್ತವೆಂಬುದನ್ನು ಮರೆಯಬಾರದು. ಆಫ್ರಿಕದ ವಿಕ್ಟೋರಿಯಾ ಸರೋವರ ೧೯೬೧ರ ಅತಿವೃಷ್ಟಿಯ ಅನಂತರ ಮೂರು ವರ್ಷಗಳೊಳಗೆ ಎರಡು ಮೀಟರಿಗೂ ಹೆಚ್ಚು ಏರಿ, ಬಹುಕಾಲ ಆ ಎತ್ತರದಿಂದ ಪೂರ್ತಿ ಇಳಿಯಲಿಲ್ಲ. ಹೊರಗೆ ಹರಿದುಹೋಗಲು ದಾರಿಯೇ ಇಲ್ಲದ ಕ್ಯಾಸ್ಪಿಯನ್ ಸಮುದ್ರ ೧೯೨೯ರಿಂದ ೧೯೭೭ರವರೆಗೆ ಸುಮಾರು ಮೂರು ಮೀಟರು ಕುಸಿದು, ಅಲ್ಲಿಂದ ೧೯೯೫ರವರೆಗೆ ಎರಡು ಮೀಟರಿಗೂ ಮಿಕ್ಕು ಏರಿ, ಮತ್ತೆ ಇಳಿಯತೊಡಗಿತು. ಅಂತಹ ಸರೋವರಗಳಿಗೆ ತಮ್ಮನ್ನು ತಾವೇ ತಡೆದುಕೊಳ್ಳುವ ಗುಣವೂ ಉಂಟು: ನೀರು ಏರಿದಂತೆ ಮೈ ಹರಡುತ್ತದೆ, ಮೈ ಹರಡಿದಂತೆ ಆವಿಯಾಗುವುದು ಹೆಚ್ಚುತ್ತದೆ, ಹೆಚ್ಚಿದ ಆವಿ ಏರಿಕೆಯನ್ನು ತಡೆಯುತ್ತದೆ. ಆದುದರಿಂದ ಇಳಿದ ಮಟ್ಟವನ್ನು ಕಂಡೊಡನೆ ವಿನಾಶವೆಂದು ಕೂಗುವುದೂ ಸರಿಯಲ್ಲ. ಏರಿಳಿತವೇ ಸರೋವರದ ಸ್ವಭಾವ. ಮಳೆ ಮರಳಿ ಬಂದರೂ ಮಟ್ಟ ಮರಳಿ ಬಾರದಿದ್ದಾಗಲೇ ನಾವು ಎಚ್ಚರಗೊಳ್ಳಬೇಕು.

ಅಂತಹ ದೃಷ್ಟಾಂತ ರಾಜಧಾನಿಯ ಬಾಗಿಲಲ್ಲಿಯೇ ಇದೆ. ಬೆಂಗಳೂರಿಗೆ ಕುಡಿಯುವ ನೀರಿಗಾಗಿ ಅರ್ಕಾವತಿಯ ಮೇಲೆ ೧೮೯೪ರಲ್ಲಿ ಹೆಸರಘಟ್ಟದ ಕೆರೆಯನ್ನೂ, ಅದು ಸಾಲದಾದಾಗ ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವನ್ನೂ ಬಳಕೆಗೆ ತಂದರು. ೧೯೭೫ಕ್ಕೆ ಮುನ್ನ ತಿಪ್ಪಗೊಂಡನಹಳ್ಳಿಗೆ ದಿನವೊಂದಕ್ಕೆ ಸರಾಸರಿ ೩೮೫ ದಶಲಕ್ಷ ಲೀಟರಿನಷ್ಟಿದ್ದ ಒಳಹರಿವು ೨೦೦೦ದ ಅನಂತರ ೬೫ ದಶಲಕ್ಷ ಲೀಟರಿಗೆ ಇಳಿಯಿತು. ಈ ಇಳಿತವನ್ನು ವಿವರಿಸಬಲ್ಲಷ್ಟು ಮಳೆ ಕಡಿಮೆಯಾಗಿರಲಿಲ್ಲವೆಂದು ವಿದ್ವಾಂಸರು ಲೆಕ್ಕಹಾಕಿ ತೋರಿಸಿದ್ದಾರೆ. ಬದಲಾದುದು ನೆಲ. ಹಿಂದೆ ಅಂತರ್ಜಲ ಹಳ್ಳದ ತಳಕ್ಕಿಂತ ಮೇಲೆಯೇ ಇದ್ದ ಕಾಲದಲ್ಲಿ, ಮಳೆ ನಿಂತು ತಿಂಗಳುಗಳು ಕಳೆದರೂ ದಡಗಳಿಂದ ಒರತೆ ಒಸರಿ ಹಳ್ಳ ಹರಿಯುತ್ತಿತ್ತು. ಕೊಳವೆ ಬಾವಿಗಳು ನೂರಾರು ಅಡಿ ಇಳಿದು ಆ ನೀರನ್ನು ಮೇಲೆತ್ತಿದ ಮೇಲೆ ಒರತೆ ಬತ್ತಿತು; ಸಾಲದುದಕ್ಕೆ ಹಳ್ಳದಲ್ಲಿ ಹರಿದುಬಂದ ನೀರೂ ಬರಿದಾದ ನೆಲದೊಳಕ್ಕೆ ಇಳಿಯತೊಡಗಿತು. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ನೀಲಗಿರಿ ತೋಪುಗಳು ಎದ್ದು ಆಳದ ತೇವವನ್ನು ವರ್ಷವೆಲ್ಲ ಹೀರಿದವು. ನೆಲಕ್ಕೆ ನೀರು ಕೊಡುತ್ತಿದ್ದ ಮಳೆ ಅಷ್ಟೇ ಇದ್ದರೂ, ಕೆರೆಗೆ ನೀರು ಕೊಡುತ್ತಿದ್ದ ನೆಲ ಹಾಗೆ ಉಳಿಯಲಿಲ್ಲ.

ಮಟ್ಟವನ್ನು ಓದುವಲ್ಲಿ ಇನ್ನೊಂದು ಭ್ರಾಂತಿಗೂ ಅವಕಾಶವಿದೆ. ಬೇಸಗೆಯಲ್ಲಿ ಯಾವುದಾದರೂ ಹಳೆಯ ಕೆರೆಯ ಅಂಗಳಕ್ಕಿಳಿದು ತೂಬಿನ ಕಂಬಗಳನ್ನು ಸಮೀಪದಿಂದ ನೋಡಿ. ಕಲ್ಲಿನ ಮೈಮೇಲೆ ಒಂದರ ಕೆಳಗೊಂದರಂತೆ ಬಿಳಿಯ, ಕಂದು ಬಣ್ಣದ ಗೆರೆಗಳು ಕಾಣುತ್ತವೆ; ನೀರು ಎಲ್ಲೆಲ್ಲಿ ಕೆಲವು ದಿನ ನಿಂತು ಇಳಿಯಿತೋ ಅಲ್ಲಲ್ಲಿ ಒಂದೊಂದು ಗೆರೆ. ಮೇಲ್ಗಡೆಯ ಗೆರೆ ಇಂದಿಗೂ ಹಿಂದಿನ ಎತ್ತರದಲ್ಲಿಯೇ ಇರಬಹುದು. ಆದರೆ ಕಂಬದ ಬುಡವನ್ನು ಹುಡುಕಿದರೆ ಅದು ಕಾಣುವುದಿಲ್ಲ. ಆಳುದ್ದ ಹೂಳು ಅದನ್ನು ಮುಚ್ಚಿದೆ. ಕೋಡಿಯ ಎತ್ತರ ಬದಲಾಗಿಲ್ಲ, ತಳ ಮೇಲೆ ಬಂದಿದೆ. ಕೆರೆ ತುಂಬಿತೆಂದು ಬಾಗಿನ ಬಿಡುತ್ತೇವೆ. ತುಂಬಿದ ಕೆರೆಯಲ್ಲಿರುವ ನೀರು ತಾತಂದಿರ ಕಾಲದ ಅರ್ಧದಷ್ಟೂ ಇಲ್ಲದಿರಬಹುದು.

ಎಂದಿಗೂ ಇಳಿಯದ ಮಟ್ಟವೂ ಶುಭಲಕ್ಷಣವಲ್ಲ. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳು ದಶಕಗಳ ಕಾಲ ಕಡುಬೇಸಗೆಯಲ್ಲಿಯೂ ತುಂಬಿಯೇ ಇದ್ದವು. ಅವುಗಳನ್ನು ತುಂಬಿದುದು ಮಳೆಯಲ್ಲ. ದೂರದಿಂದ ನಗರಕ್ಕೆ ತಂದ ಕಾವೇರಿ ಮನೆಮನೆಗಳಲ್ಲಿ ಬಳಕೆಯಾಗಿ ರಾಜಕಾಲುವೆಗಳಲ್ಲಿ ಹರಿದುಬಂದ ಕೊಳಚೆ. ಆ ಕೊಳಚೆಯನ್ನು ಸಂಸ್ಕರಿಸಿ ೨೦೧೮ರಿಂದ ಕೋಲಾರದ ಕೆರೆಗಳಿಗೂ ಹರಿಸುತ್ತಿದ್ದಾರೆ. ಬಾಯಾರಿದ ಜಿಲ್ಲೆಗೆ ಅದರಿಂದ ಉಪಕಾರವಾಗಿದೆಯೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ನೀರಿನ ಶುದ್ಧಿಯ ವಿಷಯದಲ್ಲಿ ಅಲ್ಲಿನ ಜನ ಎತ್ತಿದ ಪ್ರಶ್ನೆಗಳು ನ್ಯಾಯವಾದವೆಂದೂ ಭಾವಿಸುತ್ತೇನೆ. ಆದರೆ ಹಾಗೆ ತುಂಬಿದ ಕೆರೆಯ ಮಟ್ಟ ಅದರ ಸುತ್ತಣ ನೆಲದ ಆರೋಗ್ಯವನ್ನು ಹೇಳಲಾರದು. ಮಾರಿಕಣಿವೆಯ ೨೦೨೫ರ ಕೋಡಿಗೂ ಈ ಮಾತು ಬಹುಪಾಲು ಅನ್ವಯಿಸುತ್ತದೆ.

ಹೀಗೆ ಜಮೆ ಯಾವುದು, ಖರ್ಚು ಯಾವುದು ಎಂದು ಬಿಡಿಸಿ ನೋಡದೆ ಬರಿಯ ಮಟ್ಟವನ್ನು ಕಂಡು ಹಿಗ್ಗುವುದಾಗಲಿ ಕುಗ್ಗುವುದಾಗಲಿ ವ್ಯರ್ಥ. ಬಿಡಿಸಿ ನೋಡಲು ಬೇಕಾದುದು ಬರವಣಿಗೆ. ದೊಡ್ಡ ಜಲಾಶಯಗಳಿಗೆ ದಿನನಿತ್ಯದ ದಾಖಲೆಯುಂಟು. ಸಾವಿರಾರು ಊರಕೆರೆಗಳಿಗೆ ಅದಿಲ್ಲ. ಹಿಂದೆ ತೂಬನ್ನು ತೆರೆದು ಮುಚ್ಚುತ್ತಿದ್ದ ನೀರುಗಂಟಿ ತನ್ನ ಕೆರೆಯ ನಡತೆಯನ್ನು ಮನಸ್ಸಿನಲ್ಲಿಯೇ ಇಟ್ಟುಕೊಂಡಿದ್ದ. ಆ ವೃತ್ತಿ ಅನೇಕ ಊರುಗಳಲ್ಲಿ ನಿಂತುಹೋಗಿ ಆ ತಿಳಿವೂ ಅವನೊಡನೆ ಹೋಯಿತು. ಈ ಸಭೆಯಲ್ಲಿ ಅಧ್ಯಾಪಕರಿದ್ದೀರಿ, ಪಂಚಾಯಿತಿಯ ಸದಸ್ಯರಿದ್ದೀರಿ. ನಿಮ್ಮ ಊರಿನ ಕೆರೆಯಲ್ಲಿ ಅಡಿ ಅಂಗುಲಗಳನ್ನು ಗುರುತಿಸಿದ ಒಂದು ಅಳತೆಗಲ್ಲನ್ನು ನೆಡಿಸಿ; ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕವನ್ನಿಡಿ; ವಾರಕ್ಕೊಮ್ಮೆ ಇವೆರಡನ್ನೂ, ಜೊತೆಯಲ್ಲಿ ಹತ್ತಿರದ ಒಂದು ತೆರೆದ ಬಾವಿಯ ನೀರಿನ ಆಳವನ್ನೂ, ಮಕ್ಕಳ ಕೈಯಿಂದ ಒಂದು ಪುಸ್ತಕದಲ್ಲಿ ಬರೆಸಿ. ಈ ಮುಂಗಾರಿಗೆ ಮೊದಲೇ ಆರಂಭಿಸಬೇಕೆಂದು ನಿಮ್ಮಲ್ಲಿ ನನ್ನ ವಿನಯಪೂರ್ವಕವಾದ ಪ್ರಾರ್ಥನೆ.