ಕುಡಿಯದವರ ಲಿವರ್ ಕೂಡ ಕೆಡುತ್ತದೆ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ವಾರ್ಷಿಕೋತ್ಸವದ ದಿನ ಕಾಯಿಲೆಯ ಮಾತು ಯಾಕೆ ಅಂತ ಕೆಲವರಿಗೆ ಅನಿಸಬಹುದು. ಹತ್ತು ನಿಮಿಷ ಕೊಡಿ. ನನ್ನ ದೊಡ್ಡಮ್ಮನ ಕಥೆಯಿಂದಲೇ ಶುರು ಮಾಡುತ್ತೇನೆ.

ದೊಡ್ಡಮ್ಮ ಬೀಡಿ ಕಟ್ಟಿ, ಅಡಿಕೆ ಸುಲಿದು ಮಕ್ಕಳನ್ನು ಓದಿಸಿದವರು. ಕಳ್ಳು, ಸಾರಾಯಿ ಮೂಸಿ ನೋಡಿದವರಲ್ಲ. ಸಕ್ಕರೆ ಕಾಯಿಲೆ ಮಾತ್ರ ಇತ್ತು. ಒಮ್ಮೆ ಹೊಟ್ಟೆನೋವಿಗೆ ಸ್ಕ್ಯಾನಿಂಗ್ ಮಾಡಿಸಿದಾಗ ‘ಫ್ಯಾಟಿ ಲಿವರ್, ಗ್ರೇಡ್ 1’ ಎಂದು ಬಂತು. ರಿಪೋರ್ಟ್ ನೋಡಿದವರು ಮನೆ ಎಲ್ಲಿ ಅಂತ ಕೇಳಿದರು. ಆಮೇಲೆ “ಕುಡಿಯುವ ಅಭ್ಯಾಸ ಉಂಟಾ?” ಅಂದರು. ಈ ಪ್ರಶ್ನೆ ತಪ್ಪಲ್ಲ, ಯಾರಲ್ಲಾದರೂ ಕೇಳಲೇಬೇಕಾದದ್ದು. ಆದರೆ ದೊಡ್ಡಮ್ಮ ಇಲ್ಲ ಅಂದರೂ ಅವರು ನಂಬಲಿಲ್ಲ. “ಕುಡಿಯೂದು ಬಿಡಿ, ಸರಿಯಾಗ್ತದೆ” ಎಂದು ಕಳಿಸಿಬಿಟ್ಟರು.

ಆ ಅವಮಾನಕ್ಕೆ ದೊಡ್ಡಮ್ಮ ರಿಪೋರ್ಟನ್ನು ಅಕ್ಕಿ ಡಬ್ಬದ ಅಡಿಗೆ ಹಾಕಿದರು. ಆಗ ನಾನು ನರ್ಸಿಂಗ್ ಕಲಿಯುತ್ತಿದ್ದೆ, ನನಗೂ ಹೇಳಲಿಲ್ಲ. ನಾಲ್ಕು ವರ್ಷ ಕಳೆದು ಕಾಲು ಬಾತು, ಹೊಟ್ಟೆಯಲ್ಲಿ ನೀರು ತುಂಬಿದಾಗ ಮಂಗಳೂರಿಗೆ ಕರೆದುಕೊಂಡು ಹೋದೆವು. ಲಿವರ್ ಗಟ್ಟಿಯಾಗಿತ್ತು. ಸಿರೋಸಿಸ್.

ಲಿವರ್ ಕಾಯಿಲೆ ಅಂದರೆ ಕುಡಿತ, ನಮ್ಮ ಕೇರಿಯವರು ಅಂದರೆ ಕುಡುಕರು: ಈ ಎರಡು ಸುಳ್ಳು ಸೇರಿ ನಮ್ಮವರನ್ನು ಪರೀಕ್ಷೆಯಿಂದ ದೂರ ಇಡುತ್ತಿವೆ. ಕುಡಿತದಿಂದ ಲಿವರ್ ಕೆಡುವುದು ನಿಜ, ಕುಡಿಯುವವರು ಬಿಡಲೇಬೇಕು. ಆದರೆ ಹನಿಯೂ ಕುಡಿಯದವರಿಗೂ ಈ ಕಾಯಿಲೆ ಬರ್ತದೆ. ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಬಿ.ಪಿ., ರಕ್ತದಲ್ಲಿ ಹೆಚ್ಚಿದ ಕೊಬ್ಬು, ಇವೇ ಅದರ ಬೇರು. 2023ರಲ್ಲಿ ಲೋಕದ ಲಿವರ್ ತಜ್ಞರ ಸಂಘಗಳು ಸೇರಿ ಈ ಕಾಯಿಲೆಯ ಹೆಸರನ್ನೇ ಬದಲಿಸಿದವು. ಹಳೆಯ ಹೆಸರಿನಲ್ಲಿದ್ದ ‘ಆಲ್ಕೊಹಾಲ್’, ‘ಫ್ಯಾಟಿ’ ಎಂಬ ಮಾತುಗಳು ರೋಗಿಗೆ ಕಳಂಕ ತರುತ್ತವೆ ಎಂಬುದು ಒಂದು ಕಾರಣ. ಈಗ ರಿಪೋರ್ಟಿನಲ್ಲಿ ‘ಎಂ.ಎ.ಎಸ್.ಎಲ್.ಡಿ.’ ಅಂತ ಕಂಡರೆ ಹೆದರಬೇಡಿ, ಅದು ಇದೇ ಕಾಯಿಲೆ.

ಹಾಗಾದರೆ ಗುರುತಿಸುವುದು ಹೇಗೆ? ಕಷ್ಟ ಇರುವುದೇ ಇಲ್ಲಿ. ಲಿವರ್ ಬೇಗ ಕೂಗಿ ಹೇಳುವುದಿಲ್ಲ. ಹೆಚ್ಚಿನವರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಕೆಲವರಿಗೆ ಸುಸ್ತು, ಬಲಗಡೆ ಪಕ್ಕೆಲುಬಿನ ಕೆಳಗೆ ಭಾರ. ಕಣ್ಣು ಹಳದಿಯಾಗುವುದು, ಹೊಟ್ಟೆಯಲ್ಲಿ ನೀರು, ರಕ್ತ ವಾಂತಿ, ಮಾತು ತಡವರಿಸುವುದು, ಇವೆಲ್ಲ ತಡವಾದ ಮೇಲಿನ ಲಕ್ಷಣ. ಇವು ಕಂಡರೆ ಕಾಮಾಲೆ ಮದ್ದು ಅಂತ ಹುಡುಕಿ ದಿನ ಕಳೆಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಆದ್ದರಿಂದ ಲಕ್ಷಣಕ್ಕೆ ಕಾಯದೆ, ಮೊದಲೇ ಸಂಶಯ ಪಡಬೇಕು. ಮನೆಯಲ್ಲಿ ಟೈಲರ್ ಟೇಪು ಉಂಟಲ್ಲ, ಸೊಂಟ ಅಳೆಯಿರಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರ. ಕುತ್ತಿಗೆಯ ಹಿಂದೆ ಚರ್ಮ ಕಪ್ಪಾಗಿ ದಪ್ಪಗಾಗಿದ್ದರೆ ಅದು ಕೊಳೆ ಅಂತ ತಿಕ್ಕಬೇಡಿ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತಾಗಿರಬಹುದು. ಸಕ್ಕರೆ ಕಾಯಿಲೆ ಇದ್ದವರಂತೂ ಎಲ್ಲರೂ ಲಿವರ್ ನೋಡಿಸಿಕೊಳ್ಳಬೇಕು. ತೆಳ್ಳಗಿನವರಿಗೆ ಬರುವುದಿಲ್ಲ ಅಂತಲೂ ಇಲ್ಲ.

ಇನ್ನು ಪರೀಕ್ಷೆ. ಅಲ್ಟ್ರಾಸೌಂಡ್ ಸ್ಕ್ಯಾನಿಂಗಿನಲ್ಲಿ ಕೊಬ್ಬು ಕಾಣುತ್ತದೆ, ಆದರೆ ಅಲ್ಪಸ್ವಲ್ಪ ಇದ್ದರೆ ಕಾಣದೇ ಹೋಗಬಹುದು. ಗ್ರೇಡ್ 1, 2, 3 ಎಂಬುದು ಕೊಬ್ಬಿನ ಲೆಕ್ಕ ಮಾತ್ರ. ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅದು ಹೇಳುವುದಿಲ್ಲ. ಗ್ರೇಡ್ 1 ಅಂತ ಬಂದವರ ಲಿವರಿನಲ್ಲಿ ಕಲೆ ಕಟ್ಟಿರಬಹುದು. ತೀರಾ ಗಟ್ಟಿಯಾದ ಲಿವರಿನಲ್ಲಿ ಕೊಬ್ಬು ಕಡಿಮೆಯೂ ಆಗುತ್ತದೆ. ಎಸ್.ಜಿ.ಪಿ.ಟಿ. ನಾರ್ಮಲ್ ಬಂದರೂ ಕಾಯಿಲೆ ಇಲ್ಲ ಅಂತ ಅಲ್ಲ.

ಹಾಗಾಗಿ ‘ಫಿಬ್-4’ ಎಂಬ ಒಂದು ಲೆಕ್ಕ ಉಂಟು. ಇದಕ್ಕೆ ಹೊಸ ಯಂತ್ರ ಬೇಡ, ಸಾಮಾನ್ಯ ರಕ್ತಪರೀಕ್ಷೆ ಸಾಕು. ವಯಸ್ಸನ್ನು ಎಸ್.ಜಿ.ಒ.ಟಿ.ಯಿಂದ ಗುಣಿಸಿ. ಪ್ಲೇಟ್‌ಲೆಟ್ ಎಷ್ಟು ಸಾವಿರ ಎಂಬುದನ್ನು ಎಸ್.ಜಿ.ಪಿ.ಟಿ.ಯ ವರ್ಗಮೂಲದಿಂದ ಗುಣಿಸಿ. ಮೊದಲಿನದನ್ನು ಎರಡನೆಯದರಿಂದ ಭಾಗಿಸಿ. ಒಬ್ಬರಿಗೆ 52 ವರ್ಷ, ಎಸ್.ಜಿ.ಒ.ಟಿ. 64, ಎಸ್.ಜಿ.ಪಿ.ಟಿ. 49, ಪ್ಲೇಟ್‌ಲೆಟ್ 1,60,000 ಅಂತ ಇಟ್ಟುಕೊಳ್ಳಿ. 3328ನ್ನು 1120ರಿಂದ ಭಾಗಿಸಿದರೆ 2.97 ಬರುತ್ತದೆ. 1.3ಕ್ಕಿಂತ ಕಡಿಮೆ ಇದ್ದರೆ ಸದ್ಯ ಭಯ ಕಡಿಮೆ. 65 ದಾಟಿದವರಿಗೆ ಈ ಗಡಿ 2. 2.67 ಮೀರಿದರೆ ತಜ್ಞರ ಹತ್ತಿರ ಹೋಗಲೇಬೇಕು. ನಡುವೆ ಇದ್ದವರಿಗೆ ಫೈಬ್ರೋಸ್ಕ್ಯಾನ್ ಎಂಬ, ಲಿವರಿನ ಗಟ್ಟಿತನ ಅಳೆಯುವ, ನೋವಿಲ್ಲದ ಪರೀಕ್ಷೆ ಉಂಟು. 35ರ ಒಳಗಿನವರಿಗೆ ಈ ಲೆಕ್ಕ ಅಷ್ಟು ಸರಿಹೋಗುವುದಿಲ್ಲ. ಲೆಕ್ಕ ಮಾಡಿ ನೀವೇ ತೀರ್ಮಾನ ಮಾಡಬೇಡಿ, ವೈದ್ಯರನ್ನು ಕೇಳಲಿಕ್ಕೆ ಮಾತ್ರ ಬಳಸಿ. ಜೊತೆಗೆ ಹೆಪಟೈಟಿಸ್ ಬಿ, ಸಿ ಪರೀಕ್ಷೆಯನ್ನೂ ಮಾಡಿಸಬೇಕು. ಬೇರೆ ಕಾರಣ ಇಲ್ಲ ಎಂದು ಖಾತ್ರಿಯಾಗಬೇಕಲ್ಲ.

ಇದು ಶ್ರೀಮಂತರ ಕಾಯಿಲೆ ಅಂತ ತಳ್ಳಿಹಾಕಬೇಡಿ. 2021ರಲ್ಲಿ ಕೇಂದ್ರ ಸರಕಾರ ಇದನ್ನು ಸಕ್ಕರೆ ಕಾಯಿಲೆ, ಹೃದ್ರೋಗ, ಕ್ಯಾನ್ಸರ್‌ಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ಕೇರಳದಲ್ಲಿ ‘ಶೈಲಿ’ ಆ್ಯಪ್ ಹಿಡಿದು ಆಶಾ ಕಾರ್ಯಕರ್ತೆಯರು 30 ದಾಟಿದವರ ಮನೆಗೆ ಬರುತ್ತಾರೆ. ಅವರು ಬಂದಾಗ “ಎಂತದೂ ಇಲ್ಲ” ಅಂತ ಸಾಗಹಾಕಬೇಡಿ, ಇದ್ದದ್ದು ಹೇಳಿ. ಕುಟುಂಬ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ, ಬಿ.ಪಿ. ನೋಡಿಸುವಾಗಲೇ “ನನ್ನ ಲಿವರ್ ಕೂಡ ನೋಡಬೇಕಾ?” ಅಂತ ಕೇಳಿ. ಕೇಳುವುದು ಉದ್ಧಟತನ ಅಲ್ಲ, ಅದು ನಮ್ಮ ಹಕ್ಕು. ಮಾತನಾಡಲಿಕ್ಕೆ ಹಿಂಜರಿಯುವ ಹಿರಿಯರ ಜೊತೆ ಸಂಘದ ಒಬ್ಬ ಹುಡುಗನೋ ಹುಡುಗಿಯೋ ಹೋಗಲಿ.

ಬೇಗ ತಿಳಿದರೆ ಇದು ಹಿಂದೆ ಸರಿಯುವ ಕಾಯಿಲೆ. ತೂಕ ಹೆಚ್ಚಿದ್ದವರು ನೂರಕ್ಕೆ 7ರಿಂದ 10ರಷ್ಟು ಇಳಿಸಿದರೆ ಲಿವರ್ ಬಹಳ ಸುಧಾರಿಸುತ್ತದೆ. ಅಂದರೆ 70 ಕಿಲೋ ಇದ್ದವರು 5ರಿಂದ 7 ಕಿಲೋ. ಸೋಡಾ ಶರಬತ್ತು, ಬೇಕರಿ ತಿಂಡಿ ಕಡಿಮೆ ಮಾಡಿ, ಬಟ್ಟಲಲ್ಲಿ ಅನ್ನ ಇಳಿಸಿ ಪಲ್ಯ, ಹೆಸರುಕಾಳು, ಮೀನು ಏರಿಸಿ. ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಕೂತು ಬೀಡಿ ಕಟ್ಟುವ, ಅಡಿಕೆ ಸುಲಿಯುವ ಅಕ್ಕಂದಿರಿಗೆ ಇದು ಇನ್ನೂ ಮುಖ್ಯ. ದುಡಿದು ಬೆವರುವುದಕ್ಕೂ ಕೂತು ದಣಿಯುವುದಕ್ಕೂ ವ್ಯತ್ಯಾಸ ಉಂಟು.

ಸಂಘದವರಲ್ಲಿ ನನ್ನದೊಂದು ಕೋರಿಕೆ. ಬರುವ ಏಪ್ರಿಲ್ 14ರಂದು ಬಾಬಾಸಾಹೇಬರ ಫೋಟೋಕ್ಕೆ ಮಾಲೆ ಹಾಕಿದ ಮೇಲೆ ಒಂದು ಟೇಪು, ಒಂದು ಬಿ.ಪಿ. ಯಂತ್ರ, ಒಂದು ಪುಸ್ತಕ ಇಟ್ಟು ಕೂರೋಣ. ನಾನು ಬರುತ್ತೇನೆ. ನೀವು ಮನೆಯಲ್ಲಿ ಡಬ್ಬದ ಅಡಿ, ಹಾಸಿಗೆ ಅಡಿ, ಫೋಟೋದ ಹಿಂದೆ ಸಿಕ್ಕಿಸಿಟ್ಟ ಹಳೆ ರಿಪೋರ್ಟುಗಳನ್ನೆಲ್ಲ ತನ್ನಿ. ಒಟ್ಟಿಗೆ ಕೂತು ಓದೋಣ.