ಹೊಸ ಫೋನ್ ಯಾಕ ಇಷ್ಟು ಕಾಯತೈತಿ?

ಇವತ್ತಿನ ಮಾತು ಹೊಸ ಸ್ಮಾರ್ಟ್‌ಫೋನ್ ಬಿಸಿ ಆಗೋದರ ಬಗ್ಗೆ. ಯಾವ ಬಿಸಿ ಸಹಜ, ಯಾವುದು ದೋಷ, ದೋಷ ಇದ್ದರೆ ಯಾರನ್ನು ಕೇಳಬೇಕು ಅನ್ನೋದನ್ನ ನೋಡೋಣ.

ಗೇಮ್ ಆಡೋರಿಗೆ ಇದು ಬರೀ ಕಿರಿಕಿರಿ. ಆದರೆ ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆ ಹೊಲ ಇದ್ದವರಿಗೆ ಇದು ರೊಕ್ಕದ ಲೆಕ್ಕ. 2020ರ ಮುಂಗಾರಿನಿಂದ ನಮ್ಮ ರಾಜ್ಯದಾಗ ರೈತರೇ ತಮ್ಮ ಮೊಬೈಲ್‌ನಲ್ಲಿ ಬೆಳೆ ಸಮೀಕ್ಷೆ ಮಾಡುವ ವ್ಯವಸ್ಥೆ ಬಂದಿದೆ. ಹೊಲದಾಗ ನಿಂತು, ಜಿಪಿಎಸ್ ಹಚ್ಚಿ, ಸರ್ವೆ ನಂಬರ್ ಆರಿಸಿ ಬೆಳೆಯ ಫೋಟೋ ತೆಗೀಬೇಕು. ಬೆಳೆ ವಿಮೆ, ಬೆಂಬಲ ಬೆಲೆ, ಹಾನಿ ಪರಿಹಾರ, ಎಲ್ಲದಕ್ಕೂ ಈ ಮಾಹಿತಿ ನೋಡ್ತಾರೆ. ಹೆಸರು ಬಿತ್ತಿದ ಹೊಲ ದಾಖಲೆಯಲ್ಲಿ ಗೋವಿನಜೋಳ ಅಂತ ಬಿದ್ದರೆ ಮುಂದೆ ಕಚೇರಿಯಿಂದ ಕಚೇರಿಗೆ ಅಡ್ಡಾಡೋದು ತಪ್ಪೋದಿಲ್ಲ.

ನಮ್ಮ ಕಾಕಾಗೆ ಆಗಿದ್ದು ಇದೇ ಸಮಯದಾಗ. ಕಂತಿನ ಮೇಲೆ ತಗೊಂಡ ಫೋನು, ಇನ್ನೂ ಹದಿನೈದು ದಿನ ಆಗಿರಲಿಲ್ಲ. ಮಳಿ ಹೊಳವಾಗಿ ಮಟಮಟ ಮಧ್ಯಾಹ್ನ ಸುಡು ಬಿಸಿಲು ಬಿದ್ದಿತ್ತು. ಎರಡು ಫೋಟೋ ತೆಗೆಯೋದರಾಗ ಪರದೆ ಮಂಕಾಯ್ತು, ಕ್ಯಾಮೆರಾ ತಾನೇ ಬಂದ್ ಆಯ್ತು. "ತಮ್ಮಾ, ಇದೇನೋ ರೊಟ್ಟಿ ಹಂಚು ಆದಂಗ ಆಗೇತಿ, ಕೈಯಾಗ ಹಿಡಿಯಾಕ ಆಗವಲ್ದು" ಅಂದರು. ಅವತ್ತಿನ ಕೆಲಸ ಅಲ್ಲೇ ನಿಂತಿತು. ಮರುದಿನ ಮುಂಜಾನೆ ಬೇರೆ ಫೋನಿನಿಂದ ಸಮೀಕ್ಷೆ ಮುಗಿಸಿದೆವು.

ಈಗ ಕಾರಣ ನೋಡೋಣ. ಫೋನಿನೊಳಗಿನ ಚಿಪ್ ಕೆಲಸ ಮಾಡಿದಷ್ಟೂ ಬಿಸಿ ಆಗುತ್ತದೆ. ಕಂಪ್ಯೂಟರಿಗೆ ಇರುವಂತೆ ಇದಕ್ಕೆ ಫ್ಯಾನ್ ಇಲ್ಲ. ಒಳಗಿನ ಕಾವು ಬೆನ್ನು ಮತ್ತು ಪರದೆ ಮೂಲಕವೇ ಹೊರಗೆ ಹೋಗಬೇಕು. ಹೊಲದಾಗ ನಿಂತಾಗ ಜಿಪಿಎಸ್, ಕ್ಯಾಮೆರಾ, ಪೂರ್ತಿ ಬೆಳಕಿನ ಪರದೆ, ಮೂರೂ ಒಮ್ಮೆಗೆ ನಡೆದಿರುತ್ತವೆ. ಟವರ್ ದೂರ ಇದ್ದರೆ ಸಿಗ್ನಲ್ ಹಿಡಿಯೋಕೆ ಫೋನ್ ಹೆಚ್ಚು ಶಕ್ತಿ ಖರ್ಚು ಮಾಡುತ್ತದೆ. ಮೇಲೆ ನೇರ ಬಿಸಿಲು, ಹಿಂದೆ ದಪ್ಪ ರಬ್ಬರ್ ಕವರ್. ಕಾವು ಹೋಗೋದಾದರೂ ಎಲ್ಲಿಗೆ ಹೇಳ್ರಿ?

ಹೊಸ ಫೋನಿಗೆ ಇನ್ನೊಂದು ಕಾರಣ ಇದೆ. ಮೊದಲ ಎರಡು ಮೂರು ದಿನ ಅದು ಹಳೇ ಫೋಟೋ, ವಾಟ್ಸ್ಆ್ಯಪ್ ಬ್ಯಾಕಪ್ ಇಳಿಸಿಕೊಳ್ಳುತ್ತಾ, ಆ್ಯಪ್‌ಗಳನ್ನು ಅಪ್‌ಡೇಟ್ ಮಾಡುತ್ತಾ ಇರುತ್ತದೆ. ಆಗಿನ ಬಿಸಿಗೆ ಗಾಬರಿ ಆಗಬೇಡ್ರಿ. ಪರದೆ ಮಂಕಾಗೋದು, ಕ್ಯಾಮೆರಾ ಬಂದ್ ಆಗೋದು ಕೂಡ ಫೋನ್ ತನ್ನನ್ನು ತಾನು ಕಾಯ್ದುಕೊಳ್ಳುವ ರೀತಿ.

ಕಾವಿನಿಂದ ಹೆಚ್ಚು ಪೆಟ್ಟು ತಿನ್ನೋದು ಲಿಥಿಯಂ ಅಯಾನ್ ಬ್ಯಾಟರಿ. ಆಪಲ್ ಕಂಪನಿ ತನ್ನ ಫೋನುಗಳನ್ನು ಸುತ್ತಲಿನ ಉಷ್ಣತೆ 0ಯಿಂದ 35 ಡಿಗ್ರಿ ಇರುವಲ್ಲಿ ಬಳಸಿ ಅನ್ನುತ್ತದೆ. ನಮ್ಮ ಎರೆ ಸೀಮೆಯಲ್ಲಿ ಏಪ್ರಿಲ್, ಮೇ ಮಧ್ಯಾಹ್ನ ಆ ಗಡಿ ದಾಟೋದು ಮಾಮೂಲು. ಪದೇ ಪದೇ ಕಾದರೆ ಬ್ಯಾಟರಿ ಬೇಗ ಮುಪ್ಪಾಗುತ್ತದೆ, ಕೆಲವೊಮ್ಮೆ ಉಬ್ಬುತ್ತದೆ. ಬಿಸಿಲಿನದೇ ತಪ್ಪು ಅಂತಲೂ ಯಾವಾಗಲೂ ಹೇಳೋಕೆ ಬರೋದಿಲ್ಲ. 2016ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಹೊಸ ಫೋನುಗಳಿಗೇ ಬೆಂಕಿ ಹತ್ತಿತ್ತು. ಕಂಪನಿ ಸುಮಾರು 25 ಲಕ್ಷ ಫೋನ್ ವಾಪಸ್ ಕರೆಸಿ, ಕಡೆಗೆ ಆ ಮಾದರಿಯನ್ನೇ ನಿಲ್ಲಿಸಿತು. ತಪ್ಪು ಬ್ಯಾಟರಿಯದು ಅಂತ 2017ರ ಜನವರಿಯಲ್ಲಿ ಕಂಪನಿಯೇ ಹೇಳಿತು. ಹಾಗಾಗಿ "ಎಲ್ಲಾ ಫೋನೂ ಕಾಯ್ತಾವ್ರಿ" ಅನ್ನೋ ಮಾತಿಗೆ ಸುಮ್ಮನಾಗಬಾರದು.

ಸಹಜವೋ ದೋಷವೋ ಅಂತ ತಿಳಿಯೋಕೆ ಮನೆಯಲ್ಲೇ ಒಂದು ಪರೀಕ್ಷೆ ಮಾಡ್ರಿ. ರಾತ್ರಿ ತಂಪು ಹೊತ್ತಿನಾಗ ಕವರ್ ತೆಗೆದು, ಎಲ್ಲಾ ಆ್ಯಪ್ ಮುಚ್ಚಿ, ಏರೋಪ್ಲೇನ್ ಮೋಡ್ ಹಾಕಿ, ಚಾರ್ಜಿಗೆ ಹಚ್ಚದೆ ಒಂದು ತಾಸು ಬಿಡ್ರಿ. ತಣ್ಣಗಿದ್ದರೆ ಕಾರಣ ಬಿಸಿಲು, ಸಿಗ್ನಲ್ ಅಥವಾ ಯಾವುದೋ ಆ್ಯಪ್. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಬಳಕೆ ನೋಡಿದರೆ ಯಾವ ಆ್ಯಪ್ ತಿಂತಾ ಇದೆ ಅಂತ ಗೊತ್ತಾಗುತ್ತದೆ. ಸುಮ್ಮನಿದ್ದರೂ ಕಾದರೆ ಫೋನ್ ತೋರಿಸಲೇಬೇಕು. ಚಾರ್ಜಿಗೆ ಹಚ್ಚಿದಾಗ ಮಾತ್ರ ಸುಡುತ್ತಿದ್ದರೆ ಫೋನಿನ ಜೊತೆ ಬಂದ ಅಥವಾ ಅದೇ ಕಂಪನಿಯ ಚಾರ್ಜರ್ ಹಚ್ಚಿ ನೋಡ್ರಿ.

ಕಾಕಾನ ಫೋನು ಈ ಪರೀಕ್ಷೆಯಲ್ಲಿ ಸೋತಿತು. ತಾಸಿನಾಗ ಬ್ಯಾಟರಿ ಕಾಲು ಭಾಗ ಇಳಿದಿತ್ತು, ಬೆನ್ನು ಬಿಸಿ ಇತ್ತು. ಸರ್ವಿಸ್ ಸೆಂಟರ್‌ನವರು ಮೊದಲ ಸಲ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ಕಳಿಸಿದರು. ಎರಡನೇ ಸಲ ಹೋದಾಗ ನಾವು ಬರೀ ಬಾಯಿಮಾತು ಆಡಲಿಲ್ಲ. ಪರೀಕ್ಷೆಗೆ ಮೊದಲು, ನಂತರದ ಬ್ಯಾಟರಿ ಸ್ಕ್ರೀನ್‌ಶಾಟ್ ತೋರಿಸಿ, ದೂರನ್ನು ಜಾಬ್ ಶೀಟ್‌ನಲ್ಲಿ ಬರೆಸಿದೆವು. ಆಗ ಒಳಗಿನ ಬೋರ್ಡ್ ಬದಲಾಯಿತು, ವಾರಂಟಿಯಲ್ಲೇ, ಪೈಸೆ ಕೊಡದೆ.

ನೀವೂ ಹಾಗೇ ಮಾಡ್ರಿ. ಬಿಲ್, ಬಾಕ್ಸ್ ಒಗೀಬೇಡ್ರಿ. ಪ್ರತಿ ಸಲ ಜಾಬ್ ಶೀಟ್ ಇಸಗೊಳ್ರಿ. ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಹಚ್ರಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ವಸ್ತು ಎಲ್ಲೇ ತಗೊಂಡಿರಲಿ, ಆನ್‌ಲೈನ್ ಇದ್ದರೂ, ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷದೊಳಗಿನ ವಸ್ತುವಿಗೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು, ಅಷ್ಟೇ.

ದಿನನಿತ್ಯಕ್ಕೆ ನಾಲ್ಕು ಮಾತು. ಸಮೀಕ್ಷೆ ಇದ್ದರೆ ಬಿಸಿಲೇರೋ ಮೊದಲು ಹೊಲಕ್ಕೆ ಹೋಗ್ರಿ, ಹಾಟ್‌ಸ್ಪಾಟ್ ಬಂದ್ ಮಾಡ್ರಿ. 5ಜಿ ಬಂದು ಬಂದು ಹೋಗ್ತಿದ್ದರೆ 4ಜಿಗೆ ಇಡ್ರಿ. ರಾತ್ರಿ ಕೌದಿ, ದಿಂಬಿನ ಕೆಳಗೆ ಇಟ್ಟು ಚಾರ್ಜ್ ಮಾಡಬೇಡ್ರಿ. ಬೈಕಿನ ಹ್ಯಾಂಡಲ್‌ಗೆ ಸಿಕ್ಕಿಸಿ ಬಿಸಿಲಿಗೆ ನಿಲ್ಲಿಸಬೇಡ್ರಿ. ಕಾದ ಫೋನನ್ನ ಫ್ರಿಜ್‌ನಲ್ಲಿ ಮಾತ್ರ ಇಡಬೇಡ್ರಿ, ಒಳಗೆ ನೀರಿನ ಪಸೆ ಕಟ್ಟುತ್ತದೆ. ಕವರ್ ತೆಗೆದು ನೆರಳಿಗೆ ಇಟ್ಟರೆ ತಾನೇ ಆರುತ್ತದೆ. ಬೆನ್ನು ಉಬ್ಬಿದ್ದು ಕಂಡರೆ ಒತ್ತಬೇಡ್ರಿ, ಚಾರ್ಜಿಗೆ ಹಚ್ಚಬೇಡ್ರಿ, ತಿಪ್ಪೆಗೂ ಒಗೀಬೇಡ್ರಿ. ಸೀದಾ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ.

ನಿಮ್ಮ ಮನೆಯಲ್ಲಿ ಯಾರಾದರೂ ಹೊಸ ಫೋನ್ ಕಾಯತೈತಿ ಅಂತ ಗೊಣಗ್ತಾ ಇದ್ದರೆ, ಇವತ್ತು ರಾತ್ರಿನೇ ಆ ಒಂದು ತಾಸಿನ ಪರೀಕ್ಷೆ ಮಾಡಿಸಿ ನೋಡ್ರಿ.